ಕಿವಿ ಒಡೆದವರು

ಮೊದಲಿಗೆ ನೋಡಿದ್ದು ಕಿವಿ.
ಬಾಣಾವಲಿ ದಂಡಿಮ್ಯಾಲ, ಮೆನಿನೋನ ಚಪ್ಪರದ ನೆರಳಾಗ
ಬೋರಲು ಬಿದ್ದ ಬಿಳೇ ಬೆನ್ನು, ಬಿಸಲಿಗೆ ಬೆಂದು ಗಜ್ಜರಿ ಬಣ್ಣ,
ಅದರ ಮ್ಯಾಲ ಎರಡು ಕಿವಿ,
ಹಿಂಡಿ ಒಗೆದ ಅರಿವಿಹಂಗ ಮುದುಡಿದ್ದು.
ನನ್ನ ಎಡಗಿವಿ ತಾನಽ ಬಿಸಿಯಾತು.

ಗುಳೇದಗುಡ್ಡದ ಗರಡ್ಯಾಗ ನಂದು ಒಡೆದಾಗ
ಉಸ್ತಾದ ಬೆಲ್ಲ ಹಂಚಿದ್ದ.
ಸೂಜಿಲೆ ರಕ್ತ ತಗಸಬ್ಯಾಡ, ಹಂಗಽ ಇರ್ಲಿ ಅಂದಿದ್ದ.

ಕುಸ್ತಿ ಏನ್ರಿ? ಅಂತ ದಂಡಿಮ್ಯಾಲ ಕಲತ ಇಂಗ್ಲೀಷಿನಾಗ ಕೇಳಿದೆ.
ನಕ್ಕ. ಕೀತ್ ಆಕ್ರಾಯ್ಡ್, ಯಾರ್ಕ್‌ಷೈರಿನಾಂವ,
ಕಲ್ಲಿದ್ದಲ ಗಣಿ ಊರಿನ ರಗ್ಬಿ ಲೀಗ್ ಆಟಗಾರ,
ಹದಿಮೂರು ಮಂದ್ಯಾಗ ಎಂಟನೇ ಅಂಗಿ,
ಹನ್ನೊಂದು ವರ್ಷ ಮೈ ಕೊಟ್ಟು ಪಗಾರ ತಗೊಂಡಾಂವ.
ಆ ಮೈ ಓದಲಿಕ್ಕೆ ನನಗ ನಾಕು ಚಳಿಗಾಲ ಹಿಡೀತು.

ಎಡಭುಜ ಮೂರು ಸಲ ಕಳಚಿ ಮೂರು ಸಲ ಕೂಡಿಸಿದ್ದು,
ಎಣ್ಣಿ ಹಚ್ಚಿ ಎತ್ತಿದ್ರ ಹಳೇ ಬಾಗಲದಂಗ ಕಿರ್ರಂತೈತಿ.
ಉಂಗುರದ ಬೆರಳು ಬಾಜೂ ಬೆರಳಿನ ಮ್ಯಾಲ ಒರಗೇತಿ.
ಮೂಗು ಯಾವಾಗ ಮುರೀತು ಅಂತ ಕೇಳಿದ್ರ
ಯಾವ ಸಲದ್ದು? ಅಂತಾನ.
ಬಲಮೊಣಕಾಲಾಗ ಒಂದು ಸ್ಟೀಲ್ ಮೊಳಿ,
ಅವನೂರಾಗ ಹಿಮ ಬೀಳೂದು ಅದಕ್ಕ ಮೊದಲ ತಿಳೀತಿತ್ತಂತ.

ಉಸುಕಿನಾಗ ಗೆರಿ ಎಳದು ಆಟ ಕಲಿಸಿದ.
ಚೆಂಡು ಹಿಡದು ಮುಂದ ಓಡಬೇಕು, ಕೊಡೂದು ಮಾತ್ರ ಹಿಂದಿನವಗ.
ಕೆಡವಿದ್ರ ಎದ್ದು ನಿಂತು ಕಾಲಾಗ ಹಿಂದಕ್ಕ ಹೊಳ್ಳಿಸಬೇಕು,
ಮತ್ತ ಓಡಬೇಕು, ಮತ್ತ ಬೀಳಬೇಕು.
ಆರು ಸಲ. ಆರಕ್ಕ ಚೆಂಡು ಅವರದು.
ನಿಮ್ಮ ದೇವರು ಭಾಳ ಉದಾರಿ ಮಾರಾಯ, ಅಂದೆ,
ನಮ್ಮಲ್ಲಿ ಒಮ್ಮೆ ಬೆನ್ನಿಗೆ ಮಣ್ಣು ಹತ್ತಿದ್ರ
ಹಲಗಿ ಇನ್ನೊಬ್ಬನ ಹೆಸರಿಗೆ ಬಡೀತೈತಿ.
ಅರ್ಧ ತಿಳೀತು ಅವಗ. ಬೀರು ಹೀರಿ ಗೋಣು ಹಾಕಿದ.

ಒಂದು ಕತಿ ಮಾತ್ರ ದಿನಾ ಹೇಳ್ತಿದ್ದ.
ಫೈನಲ್ಲು. ಮಳಿ. ಕಡೇ ನಿಮಿಷ. ಗೆರಿ ಎರಡು ಮಾರು ಮುಂದ.
ಚೆಂಡು ಎದಿಗೆ ಬಂತು, ಹಸೀ ಮೀನಿನಂಗ ಜಾರಿತು.
ಊರಿಗೂರಽ ಒಂದು ವಾರ ಅವನ ಕೂಡ ಮಾತಾಡಲಿಲ್ಲ.
ಅಂಗೈ ಬಿಚ್ಚಿ ತೋರಿಸ್ತಿದ್ದ, ಇನ್ನೂ ಒದ್ದಿ ಐತಿ ಅನ್ನೂಹಂಗ.
ಆ ಹಸ್ತ ಮಾತ್ರ ಎಣ್ಣಿ ಮುಟ್ಟಿಸದ ಒಣಾ ತಿಕ್ಕತಿದ್ದೆ.

ಈ ಸಲ ಬಂದಾಗ ನನ್ನ ಹೆಸರು ಮರತಿದ್ದ.
ಮುಂಜಾನೆ ಕೊಟ್ಟ ಐದುನೂರು ಸಂಜಿಕ್ಕ ಮತ್ತ ಕೊಟ್ಟ.
ಮೊದಲ ದಿನ ಇಸಗೊಂಡೆ. ಸುಳ್ಳು ಹೇಳೂದಿಲ್ಲ,
ಝುವಾರಿನಗರದ ಖೋಲಿ ಬಾಡಿಗಿ ಬಾಕಿ ಇತ್ತು.
ಎರಡನೇ ದಿನ ಎರಡೂ ನೋಟು ಒಯ್ದು ಹೆಂಡ್ತಿ ಡೋರೀನ್‌ಗ ಕೊಟ್ಟೆ.
ಆಕಿ ಎಣಿಸಲಿಲ್ಲ. ತಲಿಗೆ ಬಿದ್ದ ಪೆಟ್ಟು, ಅಂದ್ಲು,
ಅವಾಗ ಯಾರೂ ಲೆಕ್ಕ ಇಡಲಿಲ್ಲ.

ಹಂಗಽ ಫೈನಲ್ಲಿನ ಮಾತು ಬಂತು.
ಆ ದಿನ ಅಂವ ಕಣಕ್ಕ ಇಳದೇ ಇಲ್ಲ.
ಹದಿನೈದು ದಿನ ಮೊದಲ ಮೊಣಕಾಲು ಮುರದು
ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಆಕಿ ಬಾಜೂಕ ಕುಂತಿದ್ದ.
ಚೆಂಡು ಬಿಟ್ಟಾಂವ ಇವನ ಜಾಗಾಕ್ಕ ಆಡಿದ ಹುಡುಗ.
ಅಂವ ಸತ್ತು ಭಾಳ ವರ್ಷ ಆತಂತ.

ಆ ರಾತ್ರಿ ಬಸ್ಸಿನಾಗ ಕಿವಿ ಮುಟಿಗೊಂತ ಕುಂತೆ.
ಮಹಾಲಿಂಗಪುರದಾಗ ಕಡೇ ಕುಸ್ತಿ ಗೆದ್ದೆ ಅಂತ ಮಗಳಿಗೆ ಹೇಳೇನಿ.
ಬೆಳ್ಳಿ ಕಡಗ ಮಾರಿದ ಅಂಗಡಿ ಹೆಸರು ಸುದ್ದಾ ಹೇಳೇನಿ.

ಮರುದಿನ ಹೊತ್ತು ಮುಳುಗೂ ಮುಂದ
ಯಾರೋ ಕುಡದು ಒಗೆದ ಎಳನೀರ ಬುರುಡಿ ಬಗಲಾಗ ಇಟಗೊಂಡು
ಕೀತ್ ಓಡಿದ. ಮುದಿ ಎತ್ತಿನ ಓಟ.
ನಾ ಸೊಂಟಕ್ಕ ತೆಕ್ಕಿ ಹಾಯ್ದು ಹಗೂರಕ ಉಸುಕಿಗೆ ಇಳಿಸಿದೆ.
ಎದ್ದ. ಬುರುಡಿ ಕಾಲಾಗ ಹಿಂದಕ್ಕ ಹೊಳ್ಳಿಸಿದ.
ಹಿಂದ ಯಾರೂ ಇರಲಿಲ್ಲ, ಒಂದು ನಾಯಿ ಬಿಟ್ರ.
ನಾನಽ ಆ ಕಡೆ ಓಡಿ ಎತ್ತಿಗೊಂಡು ಅವನ ಕೈಗೆ ಕೊಟ್ಟೆ,
ಮತ್ತ ಈ ಕಡೆ ಬಂದು ಹಿಡದೆ.
ಎಷ್ಟಾತು? ಅಂದ, ಏದಿಗೊಂತ.
ಎಂಟಾಗಿತ್ತು.
ಡೋರೀನ್ ಟವೆಲ್ ಹಿಡಕೊಂಡು ನೋಡಾಕತ್ತಿದ್ಲು.
ಮೂರು, ಅಂದೆ.