ಕರಿ ನಾಕು

ಮೊದಲನೆಯದು ತೆರೆಯಲಿಕ್ಕೇ ಮೂರು ನಿಮಿಷ.
ನಾಲ್ಕು ಜಿಬಿಯ ಹಳೆ ಲ್ಯಾಪ್‌ಟಾಪು, ಅದರ ಫ್ಯಾನು
ಶೇಂಗಾ ಜರಡಿ ಹಿಡಿದ ಹಾಗೆ.
ಪರದೆಯ ಮೇಲೆ ಸಾಲು ಸಾಲು ತಿರುಗುಗುಂಡಿ,
ಎರಡೂ ಬದಿಗೆ ಮರದ ಪಟ್ಟಿ ಬರೆದಿದ್ದಾರೆ,
ಯಾರದೋ ಮೊಣಕೈ ಸವೆಸಿದಂತೆ ಒಂದು ಮೂಲೆ ಮಾಸಲು.
ನಾದಗಳ ಹೆಸರು: ನಿಯಾನ್ ಬೀಚ್, ನೈಟ್ ಡ್ರೈವ್.
ಸೋಲಾಪುರಕ್ಕೆ ಬೀಚಿಲ್ಲ.
ನೈಟ್ ಡ್ರೈವ್ ಎಂದರೆ ಹೊಟಗಿ ರಸ್ತೆಯಲ್ಲಿ ಗಫೂರನ ಟೆಂಪೋ,
ಹಿಂದೆ ಮುನ್ನೂರು ಖಾಕಿ ಚಡ್ಡಿ,
ಬೆಳಗಾಗುವುದರೊಳಗೆ ಶಾಲೆಗೆ ಮುಟ್ಟಬೇಕು.

ಕಾಜಾ ಮಷೀನಿನ ಪಕ್ಕ ಸ್ಟೂಲಿನ ಮೇಲೆ
ರೇವಣಕಾಕಾ ಕಣ್ಣು ಮುಚ್ಚಿ ಕೂತಿದ್ದಾನೆ.
"ಬ್ಯಾಡ ತಂಗಿ. ಇದು ಭಾಳ ತೊಳದಂಗ ಅದ."

ಎಂಬತ್ತಾರರಲ್ಲಿ ಕಾಕಾ ಆರ್ಕೆಸ್ಟ್ರಾದ ಕೀಬೋರ್ಡು.
ಜಪಾನಿನ ಯಂತ್ರ, ಮುಂಬಯಿಯಿಂದ ಬಂದದ್ದು
ರಾತ್ರಿ ರೈಲಿನಲ್ಲಿ, ಗಾದಿಯಲ್ಲಿ ಸುತ್ತಿಕೊಂಡು.
ಉಳಿದದ್ದು ಒಂದೇ ಫೋಟೋ:
ಬೆಳ್ಳಿ ಬಣ್ಣದ ಪ್ಯಾಂಟು (ಹೊಲಿದದ್ದು ತಾನೇ),
ಮೈಕು, ಹೊಗೆ, ಮತ್ತು ಸರಿಯಾಗಿ
ಕಂಪನಿಯ ಹೆಸರಿನ ಮೇಲೇ ಹಾಡುವವಳ ಸೆರಗು.
ಯಾವ ಮಾಡೆಲ್ ಕಾಕಾ?
"ಕೆಂಪು ಗುಂಡಿ ಇತ್ತು. ಒತ್ತಿದರ ಚಳಿ ಬರತಿತ್ತು."

ಚಳಿಯನ್ನು ನಾನು ಯಾವ ಹೆಸರಿನಲ್ಲಿ ಹುಡುಕಲಿ?

ಎರಡನೆಯದಕ್ಕೆ ಆರು ಸಾವಿರ. ಪರೀಕ್ಷೆಗೆ ಮೂವತ್ತು ದಿನ ಪುಕಟ,
ಆದರೆ ನಿಮಿಷಕ್ಕೊಮ್ಮೆ ಉಸಿರು ಕಟ್ಟುತ್ತದೆ
ಬಾಕಿ ಕೇಳಲು ಬಂದು ಬಾಗಿಲಲ್ಲೇ ನಿಂತವನಂತೆ.
ಇನ್ನೊಂದು ಬರೀ ಕ್ಯಾಸೆಟ್ಟಿನ ಸುಯ್ ಮಾರುತ್ತದೆ.
ಹನ್ನೆರಡು ಡಾಲರಿಗೆ ಸುಯ್!
ಕಾಕಾ ಕೆಮ್ಮು ಬರುವಷ್ಟು ನಕ್ಕ:
"ಅದನ್ನ ತಗೀಲಿಕ್ಕೆ ಅರಳಿ, ಸ್ಪಿರಿಟ್ಟು ಹಿಡದು ಕೂಡತಿದ್ವಲ್ಲ ನಾವು."

ಕೊನೆಗೆ ಒಂದು ಸಣ್ಣದು. ಯಾರೋ ಒಬ್ಬನೇ ಕೂತು ಮಾಡಿದ್ದು,
ಮರದ ಪಟ್ಟಿ ಇಲ್ಲ, ಹೆಸರಿಗೂ ಅಂದ ಇಲ್ಲ.
ಕ್ಲಿಕ್ಕಿಸಿದರೆ ಬಂತು. ಗರಗಸದ ಹಲ್ಲಿನ ಎರಡು ಅಲೆ;
ಒಂದನ್ನು ಏಳು ಸೆಂಟು ಆಚೆ ಸರಿಸಿದೆ
(ಪೂರಾ ಬೇಸುರಲ್ಲ, ಪೂರಾ ಸುರದಲ್ಲೂ ಇಲ್ಲ)
ನಮ್ಮ ಗಲ್ಲಿಯ ಕನ್ನಡಕ್ಕೆ ಮರಾಠಿ ಒರಗಿ ನಿಂತಂತೆ,
ಮೇಲೆ ಅಂಬಾದಾಸನ ತೆಲುಗು ಒಂದು ಚಿಟಿಕೆ.
ದನಿ ದಪ್ಪವಾಯಿತು.
ಫಿಲ್ಟರ್ ಮುಚ್ಚಿದೆ: ಚಾದರಿನೊಳಗೆ ಹೋಯಿತು.
ತೆರೆದೆ: ಮುಖ ಹೊರಗೆ ಹಾಕಿತು.

"ಹತ್ರ ಬಂದದ. ಆದರ ನಂದಲ್ಲ."

ಹನ್ನೊಂದು ರಾತ್ರಿ ಹೀಗೆ. ಬೇಸತ್ತು
ಎರಡು ಸಪ್ತಕದ ಆಟಿಗೆಯಂಥ ಕೀಬೋರ್ಡನ್ನು
ಅವನ ತೊಡೆಯ ಮೇಲಿಟ್ಟೆ: ನೀನೇ ಬಾರಿಸು.
ಬಾರಿಸಿದ. ಏರುವಾಗ ಒಂದು ಕಡೆ
ಉಂಗುರಬೆರಳು ಮೇಲೆದ್ದಿತು, ದಾಟಿತು, ಇಳಿಯಿತು.
ಇಳಿಯುವಾಗ ಮತ್ತೆ ಅಲ್ಲೇ,
ಬಚ್ಚಲ ತೂತು ದಾಟುವವರ ಹಾಗೆ.
"ಕರಿ ನಾಕು ಯಾಕ ಬಿಡತಿ ಕಾಕಾ?"
"ಎಲ್ಲಿ ಬಿಟ್ಟೆ?"
ಮತ್ತೆ ಬಾರಿಸಿದ. ಮತ್ತೆ ಬಿಟ್ಟ.
ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದ.

ಅಕ್ಕಲಕೋಟೆಯ ಮದುವೆ. ವರನ ತಮ್ಮ ಕುಣಿಯುತ್ತ ಬಂದು
ಶರಬತ್ತಿನ ಗ್ಲಾಸು ಚೆಲ್ಲಿದ್ದು.
ಅಂದಿನಿಂದ ಆ ಮನೆ ನುಡಿಯಲಿಲ್ಲ, ಪಾರ್ಟು ಸಿಗಲಿಲ್ಲ.
ಮೂರು ವರ್ಷ ಎಲ್ಲ ಹಾಡನ್ನೂ ಅದರ ಸುತ್ತ ತಿರುಗಿಸಿ ಒಯ್ದ.
ಆಮೇಲೆ ಯಂತ್ರ ಮಾರಿದ, ಓವರ್‌ಲಾಕ್ ಮಷೀನು ತಂದ.

ನಾನು ಕರಿ ನಾಕನ್ನು ಹುಡುಕಿ ಹುಡುಕಿ ಆರಿಸಿದೆ,
ಮೇಲಿನದು, ಕೆಳಗಿನದು, ಎರಡೂ.
ಈ ಸಲ ಅವನು ಅದನ್ನೇ ಬೇಕೆಂದು ಒತ್ತಿದ.
ಟಕ್. ಬರೀ ಪ್ಲಾಸ್ಟಿಕ್ಕು.
ಮತ್ತೊಮ್ಮೆ ಒತ್ತಿದ.
"ಹಾಂ."
ಸ್ವಲ್ಪ ಹೊತ್ತಿನ ಮೇಲೆ, "ಎಷ್ಟ ರೊಕ್ಕ ಇದಕ್ಕ?"
ಪುಕಟ.
"ಪುಕಟ ಇದ್ದರ ಕೆಟ್ಟಿದ್ದೇ ಇರತದ, ಬಿಡು" ಅಂದು
ಮತ್ತೆ ಮೊದಲಿಂದ ಶುರು ಮಾಡಿದ.

ಉಳಿಸಲು ಹೆಸರು ಕೇಳಿತು.
ಕನ್ನಡದಲ್ಲಿ ಕರಿ ನಾಕು ಎಂದು ಹೊಡೆದೆ.
ಅದಕ್ಕೆ ನಮ್ಮ ಅಕ್ಷರ ಬಾರದು; ತೋರಿಸಿತು
ಮೂರು ಖಾಲಿ ಚೌಕ, ಒಂದು ತೆರಪು, ನಾಲ್ಕು ಖಾಲಿ ಚೌಕ.
ಹಾಗೇ ಉಳಿಸಿದೆ.