ಬನ್ಸ್ ನಿಲ್ಲಿಸಬೇಡಿ

ನಾಲ್ಕನೇ ಕ್ಲಾಸಿಗೆ ಹೊಲಿಸಿದ ಯೂನಿಫಾರ್ಮಿನ ಲಂಗ
ಆರನೇ ಕ್ಲಾಸಿಗೂ ಆಗುತ್ತದೆ ಧನ್ವಿಗೆ.
"ಲಾಭವಾಯ್ತಲ್ಲ ಮಾರಾಯ್ತಿ" ಎಂದಳು ಪಕ್ಕದ ಮನೆಯ ಗುಲಾಬಿ.
ನಾನೂ ನಕ್ಕೆ.
ಕಬ್ಬಿಣದ ಟಾನಿಕ್ಕಿಗೆ ಹಲ್ಲು ಕಪ್ಪಾಯಿತು,
ರಕ್ತ ಕೆಂಪಾಗಲಿಲ್ಲ.

ಮಲ್ಪೆ ಬಸ್‌ಸ್ಟ್ಯಾಂಡಿನ ಬದಿಯ ಹೋಟೆಲಿಗೆ
ದಿನಕ್ಕೆ ನೂರಿಪ್ಪತ್ತು ಬನ್ಸ್ ಕರಿದು ಕೊಡುವವಳು ನಾನು.
ಕಳಿತ ಬಾಳೆಹಣ್ಣು, ಮೊಸರು, ಮೈದಾ, ಚೂರು ಜೀರಿಗೆ;
ರಾತ್ರಿಯಿಡೀ ಹಿಟ್ಟು ತನ್ನಷ್ಟಕ್ಕೆ ಉಬ್ಬುತ್ತದೆ.
ಹರಿದದ್ದು, ಉಬ್ಬದ್ದು ಅವಳ ಪಾಲು.
ತಿಂದ ದಿನ ಅವಳ ಹೊಟ್ಟೆಯೂ ಉಬ್ಬುವುದು ನೋಡಿ
ಯಾರೂ ಹೇಳದೆ ನಾನೇ ನಿಲ್ಲಿಸಿದೆ.
ಆರು ತಿಂಗಳು ಗಂಜಿ, ಪುಂಡಿ, ನೀರುದೋಸೆ, ಬಂಗುಡೆ.

ಆಮೇಲೆ ಉಡುಪಿಯ ಲ್ಯಾಬಿನಲ್ಲಿ ರಕ್ತ ತೆಗೆದರು.
ಪ್ರತಿಕಾಯ ಇಲ್ಲ, ಎಲ್ಲ ಸರಿ ಉಂಟು, ಎಂದಿತು ಚೀಟಿ.
ಡಾಕ್ಟ್ರು ಚೀಟಿ ಬದಿಗಿಟ್ಟು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.
"ಗೋಧಿ, ಮೈದಾ ಕೊಡ್ತಾ ಇದ್ದೀರಾ?"
"ಇಲ್ಲ, ಆರು ತಿಂಗಳಾಯ್ತು" ಎಂದೆ,
ಶಹಬ್ಬಾಸ್ ಸಿಗುತ್ತದೆ ಎಂದು.

ಅವರು ಪೆನ್ನು ಕೆಳಗಿಟ್ಟು ಹೇಳಿದ್ದು ಬೇರೆ ಏನೋ;
ನನಗೆ ಅರ್ಥವಾದದ್ದು ಹೀಗೆ:
ಜೂನ್ ಜುಲೈಯಲ್ಲಿ ಬೋಟುಗಳನ್ನೆಲ್ಲ ಕಟ್ಟಿಹಾಕಿದ ಮೇಲೆ
ಧಕ್ಕೆಗೆ ಬಂದು ನಿಂತವನು
ಖಾಲಿ ಬುಟ್ಟಿ ನೋಡಿ
ಈ ಕಡಲಲ್ಲಿ ಮೀನೇ ಇಲ್ಲ ಅಂದ ಹಾಗೆ.

"ಮತ್ತೆ ಕೊಡಿ. ದಿನಕ್ಕೊಂದು ಬನ್ಸ್, ಎಂಟು ವಾರ.
ರಕ್ತ ಕೊಡುವವರೆಗೆ ನಿಲ್ಲಿಸಬೇಡಿ."

ಕ್ಯಾಲೆಂಡರಿನಲ್ಲಿ ಐವತ್ತಾರು ಚೌಕ.
ಈ ಸಲ ಚೆನ್ನಾಗಿ ಉಬ್ಬಿದ್ದನ್ನೇ ಆರಿಸಿದೆ.
ಕೊಡುವಾಗ ಎಂತ ಹೇಳುವುದು? ತಿನ್ನು ಅಂದೆ.
ತಿಂದಳು. ಅವಳಿಗೆ ಬನ್ಸ್ ಅಂದರೆ ಜೀವ,
ಕಷ್ಟವಾದದ್ದು ಅದೇ.
ಹದಿನೇಳನೇ ಚೌಕದ ರಾತ್ರಿ
ಬಚ್ಚಲಲ್ಲಿ ಅವಳ ಹಣೆ ಹಿಡಿದು ಕೂತಿದ್ದೆ.
ಒಳಗೆ ನಾಳೆಯ ಹಿಟ್ಟು ಮುಚ್ಚಳ ಎತ್ತುತ್ತಿತ್ತು.

"ಅಕ್ಕ, ಇದರಲ್ಲಿ ಎಂತ ಹುಡುಕುವುದು?"
ಸೂಜಿ ಹಿಡಿದ ರೇಶ್ಮಾ ತೋಳಿನ ಪಟ್ಟಿ ಬಿಚ್ಚುತ್ತಾ,
"ನಿನ್ನ ಕರುಳು ಒಂದು ದೂರು ಬರೆದಿದೆಯಂತೆ, ಅದನ್ನು."

ಮೂರನೇ ದಿನ ಮೊಬೈಲಿಗೆ ಬಂತು.
ಇಪ್ಪತ್ತರೊಳಗೆ ಇರಬೇಕಾದದ್ದು
ನೂರ ಅರವತ್ತೆಂಟು.
"ಲೆಕ್ಕದಲ್ಲಿ ಇಷ್ಟು ಮಾರ್ಕು ಬಂದದ್ದೇ ಇಲ್ಲ" ಎಂದಳು ಧನ್ವಿ.
ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.
ಬಸ್ಸು ಕಲ್ಯಾಣಪುರದ ಸೇತುವೆ ದಾಟುವಾಗ
ಅದಕ್ಕೆ ನಾಚಿಕೆಯಾಯಿತು.

ಬುಧವಾರ ಬಾಯಿಂದ ಕೊಳವೆ ಇಳಿಸಿ
ಕರುಳಿನ ಚೂರು ತೆಗೆಯುವುದುಂಟು.
ಅಲ್ಲಿಯವರೆಗೂ ನಿಲ್ಲಿಸಬೇಡಿ ಎಂದಿದ್ದಾರೆ.

ಆಮೇಲೆ?
ಬನ್ಸ್ ಕರಿಯದೆ ಮನೆ ನಡೆಯುವುದಿಲ್ಲ.
ಮೊಣಕೈವರೆಗೆ ಸೋಪು, ಅವಳಿಗೆ ಬೇರೆ ಕಾವಲಿ, ಬೇರೆ ಸೌಟು.
ನಮ್ಮದು ಅಕ್ಕಿಯ ಊರು, ಹೆದರಿಕೆ ಇಲ್ಲ ಅಂದುಕೊಂಡಿದ್ದೆ.
ನಿನ್ನೆ ಸಾರಿಗೆ ಹಾಕುವ ಇಂಗಿನ ಡಬ್ಬಿ ತಿರುಗಿಸಿ
ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ
ಸಣ್ಣಕ್ಷರ ಓದಿದೆ:
ಗೋಂದು, ಮೈದಾ,
ಕೊನೆಗೆ ಇಂಗು.