ಉಪ್ಪುಕಾಗದ

ಕಿಯೊಜ್ಜಾ ಬಂದರಿನಲ್ಲಿ ದೋಣಿಗಳಿಗೆ ಹೆಸರು ಬರೆಯುವುದು
ನನ್ನ ಕಸುಬು. ಅಳಿಸುವುದೂ.
ಮಾಲೀಕ ಬದಲಾದರೆ, ಸಂಸಾರ ಮುರಿದರೆ,
ಹೆಂಡತಿಯ ಹೆಸರು ಹೋಗಿ ನಾಯಿಯ ಹೆಸರು ಬರುತ್ತದೆ.
ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯದ್ದು,
ಕೊನೆಗೆ ಬರಿಗೈ.

ಆ ಲಕೋಟೆ ಬಂದ ದಿನ
‘ಎರಡನೇ ರೊಸೆಲ್ಲಾ’ ಎಂಬ ಮೀನುದೋಣಿಯ
‘ಎರಡನೇ’ಯನ್ನು ತಿಕ್ಕುತ್ತ ಕೂತಿದ್ದೆ.
ಮೊದಲನೆಯದು ಮುಳುಗಿ ಬಹಳ ವರ್ಷವಾಯಿತು,
ಇನ್ನು ಲೆಕ್ಕ ಯಾಕೆ, ಅಂದಿದ್ದ ಮುದುಕ.

ಮುದ್ರೆ, ಸಹಿ, ಮತ್ತೊಂದು ಸಹಿ.
ತೆಕ್ಲಾಳ ಜನನಪತ್ರದಲ್ಲಿ
ಇಬ್ಬರು ತಾಯಂದಿರೆಂದು ಬರೆದದ್ದು ಪ್ರಮಾದ.
ಹೆತ್ತವಳು ಓರ್ನೆಲ್ಲಾ, ಆ ಹೆಸರು ಇರತಕ್ಕದ್ದು.
ಇನ್ನೊಂದು ತೆಗೆಯತಕ್ಕದ್ದು.

ನಮ್ಮೂರಲ್ಲಿ ಅರ್ಧ ಜನ ಬೊಸ್ಕೊಲೊ, ಮಿಕ್ಕರ್ಧ ತ್ಯೊಜ್ಜೊ.
ಅಂಚೆಯವನು ತಬ್ಬಿಬ್ಬಾಗದಿರಲೆಂದು
ಮನೆತನದ ಅಡ್ಡಹೆಸರನ್ನೂ, ಬೆಕ್ಕು, ಬಕೆಟ್ಟು, ಉಪವಾಸ ಅಂತೆಲ್ಲ,
ದಫ್ತರದಲ್ಲಿ ಬರೆದುಕೊಳ್ಳುತ್ತಾರೆ.
ಬಕೆಟ್ಟಿಗೆ ಜಾಗವಿದೆ ಅಲ್ಲಿ.

ಹೆತ್ತದ್ದು ಅವಳು, ನಿಜ. ಹತ್ತೊಂಬತ್ತು ಗಂಟೆ.
ನಾನು ಹೊತ್ತವಳು:
ಸಮುದ್ರ ಬೀದಿಗೆ ಏರಿದ ನವೆಂಬರಿನಲ್ಲಿ
ಮೊಣಕಾಲುದ್ದ ನೀರಲ್ಲಿ ಶಾಲೆಯವರೆಗೆ.
ಹೆಗಲ ಮೇಲೆ ಕೂತು ನನ್ನ ಕಿವಿಗಳನ್ನೇ ಲಗಾಮು ಮಾಡಿಕೊಂಡು
‘ಎಡಕ್ಕೆ, ಮೀ, ಎಡಕ್ಕೆ’ ಅನ್ನುತ್ತಿದ್ದಳು.
ಅವಳಿಗೆ ಓರ್ನೆಲ್ಲಾ ಮಮ್ಮಾ. ನಾನು ಮೀ.

ಈಗ ಶಾಲೆಯ ಗೇಟಿನಲ್ಲಿ ಒಂದು ಪಟ್ಟಿ,
ಮಗುವನ್ನು ಕರೆದೊಯ್ಯಬಹುದಾದವರದು:
ಅಜ್ಜಿ, ಕೆಳಮನೆಯ ದರ್ಜಿ, ಆಮೇಲೆ ನಾನು.
ಮೂಗಿಗೆ ಕಡಲೆ ತುರುಕಿಕೊಂಡ ರಾತ್ರಿ
ಓರ್ನೆಲ್ಲಾ ಶೈತ್ಯಾಗಾರದ ಪಾಳಿಯಲ್ಲಿದ್ದಳು.
ಆಸ್ಪತ್ರೆಯ ಹುಡುಗ ಪೆನ್ನು ಹಿಡಿದು ಕೇಳಿದ,
‘ನೀವು ಮಗುವಿಗೆ ಏನಾಗಬೇಕು?’
ಆಗಿಬಿಟ್ಟಿದ್ದೆನಲ್ಲ, ಇನ್ನೇನಾಗಲಿ.
ಜೇಬಿನಿಂದ ಒಪ್ಪಿಗೆ ಪತ್ರ ತೆಗೆದೆ,
ಮಡಿಕೆಗಳಲ್ಲಿ ಅಕ್ಷರ ಸವೆದಿತ್ತು.
ಅಷ್ಟರಲ್ಲಿ ಅವಳು ಸೀನಿದಳು.
ಕಡಲೆ ಅವನ ಬಿಳಿ ಅಂಗಿಗೆ ಹೋಗಿ ತಾಗಿತು.

ಮಗಳನ್ನೇ ದತ್ತು ಕೇಳಿ ಅರ್ಜಿ ಹಾಕಿದ್ದೇನೆ, ವಕೀಲೆಯ ಸಲಹೆ.
ಸಂಬಳ ನೋಡಿದರು, ರಕ್ತ ನೋಡಿದರು,
ನಿಮ್ಮಪ್ಪ ಹೊಡೆಯುತ್ತಿದ್ದರೇ ಎಂದರು.
ಓರ್ನೆಲ್ಲಾಳನ್ನು ಯಾರೂ ಇದೆಲ್ಲ ಕೇಳಲಿಲ್ಲ.
ಅದಕ್ಕೆ ಅವಳ ಮೇಲೇ ಒಂದು ವಾರ
ಸಿಟ್ಟು ಮಾಡಿಕೊಂಡಿದ್ದೆ, ಪಾಪ.

ಮನೆ ನೋಡಲು ಬಂದ ಫ್ರಿಝೊನ್ ಮೇಡಂ ಒಳ್ಳೆಯವರು,
ಒದ್ದೆ ಕೊಡೆ ಹೊರಗೇ ಬಿಟ್ಟರು.
ಬಾಗಿಲ ಚೌಕಟ್ಟಿನ ಗೀಟುಗಳನ್ನು ನೋಡಿದರು,
ಹುಟ್ಟುಹಬ್ಬಕ್ಕೊಂದು, ದೋಣಿಯ ನೀಲಿಯಲ್ಲಿ.
‘ಇವರು ನಿನಗೆ ಯಾರು, ಪುಟ್ಟಾ?’
ಬಾಯಿ ತುಂಬ ಬ್ರೆಡ್ಡು:
‘ಇವಳಾ? ಬೀಗದ ಕೈ ಕಳೆಯುವವಳು.’
ಮೇಡಂ ಬರೆದುಕೊಂಡರು.

ಗಿರಾಕಿಗಳಿಗೆ ಹೇಳದ ಒಂದು ಮಾತಿದೆ:
ಎಷ್ಟು ತಿಕ್ಕಿದರೂ ಹಲಗೆ ಪೂರ್ತಿ ಮರೆಯುವುದಿಲ್ಲ.
ಸಂಜೆ ಬಿಸಿಲು ಓರೆಯಾದಾಗ ಹೊಸ ಬಣ್ಣದ ಕೆಳಗೆ
ಹಳೆಯ ಅಕ್ಷರ ಉಬ್ಬಿ ಕಾಣುತ್ತದೆ.
ಆದರೆ ಓರೆ ಬಿಸಿಲನ್ನು ಕೋರ್ಟಿಗೆ ಹೇಗೆ ಒಯ್ಯಲಿ.

ಗುರುವಾರ ವಿಚಾರಣೆ.
ಥರ್ಮೋಕೋಲಿನ ಮೀನುಪೆಟ್ಟಿಗೆ ಕತ್ತರಿಸಿ
ತೆಕ್ಲಾ ದೋಣಿ ಮಾಡಿದ್ದಾಳೆ,
ಹೆಸರು ಬರೆದುಕೊಡು ಎಂದು ಕುಂಚ ಕೈಗಿಟ್ಟಿದ್ದಾಳೆ.
ಏನಂತ ಬರೆಯಲಿ?
ಇನ್ನೂ ಯೋಚಿಸುತ್ತಿದ್ದಾಳೆ, ನಾಲಿಗೆ ಹೊರಗಿಟ್ಟು.
ಅವಸರವಿಲ್ಲ, ಅಂದೆ.
ಕುಂಚದ ತುದಿಯಲ್ಲಿ ಬಣ್ಣ ಗಟ್ಟಿಯಾಗುತ್ತಿದೆ.